ಬಸ್ ನಿಲ್ದಾಣದ ಹನ್ನೊಂದು ಬಾಗಿಲು

ಬಸ್ ನಿಲ್ದಾಣದ ಹಿಂಭಾಗದಲ್ಲಿ, ಡ್ರೈವರುಗಳು ಮುಖ ತೊಳೆಯುವ ನಲ್ಲಿಗಳ ಸಾಲು ದಾಟಿದರೆ, ಗೋಡೆಗೆ ಬೆನ್ನು ಕೊಟ್ಟು ನಿಂತ ಒಂದು ಕಬ್ಬಿಣದ ಮೇಜು ಸಿಗುತ್ತದೆ. ಅದರ ಎಡಕ್ಕೆ ಹೆಂಗಸರ ಶೌಚಾಲಯ, ಐದು ಬಾಗಿಲು. ಬಲಕ್ಕೆ ಗಂಡಸರದ್ದು, ಆರು. ಮೇಜಿನ ಹಿಂದೆ ಕೂತವಳನ್ನು ಎಲ್ಲರೂ ಬಕೆಟ್ ಅತ್ತೆ ಅನ್ನುತ್ತಾರೆ. ಯಾರಿಗೆ ಅತ್ತೆ ಎಂದರೆ ಯಾರಿಗೂ ಗೊತ್ತಿಲ್ಲ. ವಯಸ್ಸಿನಲ್ಲಿ ಅವಳಿಗಿಂತ ಹಿರಿಯ ಡ್ರೈವರುಗಳೂ ಅತ್ತೆ ಅನ್ನುತ್ತಾರೆ, ಅವಳೂ ಓಗೊಡುತ್ತಾಳೆ.

ಅವಳನ್ನು ಕೆಣಕದೆ ಮುಖ ತೊಳೆಯುವುದು ಆ ಡ್ರೈವರುಗಳಿಗೆ ಆಗದ ಮಾತು. ಅವರಲ್ಲಿ ಮೀಸೆ ಡ್ರೈವರ್ ಎಂದೇ ಹೆಸರಾದ ಒಬ್ಬ ದಿನವೂ ಅದೇ ಪ್ರಶ್ನೆ ಕೇಳುತ್ತಾನೆ. "ಅತ್ತೆ, ಅರಮನೇಲಿ ಕೋಣೆ ಖಾಲಿ ಇದೆಯಾ?"

"ರಾಜರಿಗಾದ್ರೆ ಇದೆ. ನೀನು ಸಾಲಲ್ಲಿ ನಿಲ್ಲು."

ಅವಳಿಗೆ ಒಂದು ಹೆಮ್ಮೆಯಿತ್ತು. ಅದನ್ನು ಬಚ್ಚಿಡುವ ಅಭ್ಯಾಸವೂ ಇರಲಿಲ್ಲ. ನೆಲ ಕನ್ನಡಿಯ ಹಾಗಿದೆ ಎಂದು ಯಾರಾದರೂ ಹೊಗಳಿದರೆ ಅವಳು ಕೈ ಬೀಸಿ ತಳ್ಳಿಬಿಡುತ್ತಿದ್ದಳು. ಅದು ಫಿನಾಯಿಲ್ ಮಾಡುವ ಕೆಲಸ. ಅವಳು ಹೇಳಿಕೊಳ್ಳುತ್ತಿದ್ದ ಮಾತು ಬೇರೆ. "ಒಂಬತ್ತು ವರ್ಷ ಆಯ್ತು. ನನ್ನ ಬಾಗಿಲ ಹಿಂದೆ ಒಂದು ಜೀವಾನೂ ಹೋಗಿಲ್ಲ."

ಹೊಸಬರು ಇದನ್ನು ಕೇಳಿ ತಬ್ಬಿಬ್ಬಾಗುತ್ತಿದ್ದರು. ಶೌಚಾಲಯದಲ್ಲಿ ಜೀವ ಯಾಕೆ ಹೋಗಬೇಕು?

ಹೋಗಿತ್ತು. ಅವಳಿಗಿಂತ ಮುಂಚೆ ಆ ಮೇಜಿನಲ್ಲಿ ಕೂರುತ್ತಿದ್ದವನು ಒಳ್ಳೆಯ ಮನುಷ್ಯನೇ. ತನ್ನ ಪಾಡಿಗೆ ತಾನಿದ್ದು, ಇನ್ನೊಬ್ಬರ ಬಾಗಿಲಿಗೆ ಕಿವಿಗೊಡುವುದು ಸಭ್ಯತೆಯಲ್ಲ ಎಂದುಕೊಂಡಿದ್ದವನು. ಒಂದು ದಿನ ಬೆಳಿಗ್ಗೆ ಮುಚ್ಚಿದ ನಾಲ್ಕನೇ ಬಾಗಿಲು ಮಧ್ಯಾಹ್ನವಾದರೂ ತೆರೆಯಲಿಲ್ಲ. ಒಡೆದು ನೋಡಿದಾಗ ಇಪ್ಪತ್ತೈದರ ಒಬ್ಬ ಗೋಡೆಗೆ ಒರಗಿ ಕೂತಿದ್ದ, ಮಡಿಲಲ್ಲಿ ಸೂಜಿ. ಮನೆಯಲ್ಲಿ ನಶೆಯ ಮದ್ದು ಚುಚ್ಚಿಕೊಳ್ಳಲು ಆಗದವರಿಗೆ, ಮನೆಯೇ ಇಲ್ಲದವರಿಗೆ, ಒಳಗಿನಿಂದ ಚಿಲಕವಿರುವ ಜಾಗ ಊರಲ್ಲಿ ಇನ್ನೆಷ್ಟಿವೆ? ಆ ಒಳ್ಳೆಯ ಮನುಷ್ಯ ಮಾರನೆಯ ದಿನ ಕೆಲಸಕ್ಕೆ ಬರಲಿಲ್ಲ. ಅವನ ಜಾಗಕ್ಕೆ ಅತ್ತೆ ಬಂದಳು. ಮೊದಲ ದಿನ ಅವಳು ಪೊರಕೆ ಮುಟ್ಟಲಿಲ್ಲ. ಜಾಡಮಾಲಿ ಹೆಂಗಸೊಬ್ಬಳನ್ನು ಒಳಗೆ ನಿಲ್ಲಿಸಿ ಹನ್ನೊಂದು ಚಿಲಕವನ್ನೂ ಹಾಕಿಸಿ, ಹೊರಗಿನಿಂದ ತೆಗೆಯಲು ಆಗುತ್ತದೆಯೇ ಎಂದು ನೋಡಿದಳು. ಒಂದೂ ಆಗಲಿಲ್ಲ.

ಅವಳ ಗಂಡ ಹೊಲಿಗೆ ಯಂತ್ರ ರಿಪೇರಿಯವನು. ಮಾತು ಕಡಿಮೆ, ಆಡಿದರೆ ಚುಚ್ಚು. "ನಿನಗೆ ಸಂಬಳ ಕೊಡೋದು ಗುಡಿಸೋಕೆ, ಉಳಿಸೋಕಲ್ಲ" ಅಂದ. ಅಂದವನೇ ಮುಂದಿನ ರಜೆಯ ದಿನ ಅರ, ಸುತ್ತಿಗೆ, ಗರಗಸ ಕಟ್ಟಿಕೊಂಡು ಬಂದ. ಪ್ರತಿ ಚಿಲಕದ ಹೊರಗಿನ ತುದಿಗೆ ಗೀರು ಕೊರೆದ. ಒಂದು ನಾಣ್ಯ ತೂರಿಸಿ ತಿರುಗಿಸಿದರೆ ಸಾಕು, ಬಾಗಿಲು ತೆರೆದುಕೊಳ್ಳುವಂತೆ. ಬಾಗಿಲುಗಳ ಕೆಳಗಿನಿಂದ ಒಂದು ಗೇಣು ಕತ್ತರಿಸಿ ಹಾಕಿದ. ಮೇಲ್ವಿಚಾರಕ ಓಡಿ ಬಂದು, ಯಾರ ಅನುಮತಿ ಕೇಳಿ ಬಾಗಿಲು ಕತ್ತರಿಸಿದಿರಿ ಎಂದು ಕೂಗಾಡಿದ. ಅತ್ತೆ ಬಕೆಟ್ ಕೆಳಗಿಟ್ಟಳು. "ಒಳಗೆ ಸತ್ತೋನು ಯಾರ ಅನುಮತಿ ಕೇಳಿದ್ದ ಸಾರ್?" ಮೇಲ್ವಿಚಾರಕ ಮತ್ತೆ ಆ ವಿಷಯ ಎತ್ತಲಿಲ್ಲ.

ಆಮೇಲೆ ಅವಳು ತನ್ನದೇ ಒಂದು ಕ್ರಮ ಕಟ್ಟಿಕೊಂಡಳು. ಬಾಗಿಲು ಮುಚ್ಚಿ ಸ್ವಲ್ಪ ಹೊತ್ತಾದರೆ ತಟ್ಟುವುದು. ತಟ್ಟಿ, "ಯಾವ ಬಸ್ಸಿಗೆ ಹೋಗ್ಬೇಕು?" ಎಂದು ಕೇಳುವುದು. ಉತ್ತರ ಪೂರ್ತಿ ಮಾತಿನಲ್ಲಿ ಬರಬೇಕು. ಹ್ಞೂ ಅನ್ನುವುದು ಉತ್ತರವಲ್ಲ; ಹ್ಞೂ ಎಂದು ಅರ್ಧ ಮುಳುಗಿದವನೂ ಅನ್ನುತ್ತಾನೆ. ಪ್ರಯಾಣಿಕರಿಗೆ ಇದು ತಲೆನೋವು. ಒಮ್ಮೆ ದಪ್ಪ ದನಿಯ ವ್ಯಾಪಾರಿಯೊಬ್ಬ ಒಳಗಿನಿಂದಲೇ ರೇಗಿದ: "ಮೊದಲು ಇಲ್ಲಿಗೆ ಬಂದ ಕೆಲಸ ಆಗ್ಲಿ ತಾಯಿ, ಆಮೇಲೆ ಬಸ್ಸಿನ ಯೋಚನೆ ಮಾಡ್ತೀನಿ." ಅತ್ತೆ, "ಇವನು ಬದುಕಿದಾನೆ" ಎಂದು ಮುಂದಿನ ಬಾಗಿಲಿಗೆ ಹೋದಳು.

ಕೆಳಗಿನ ಗೇಣಿನಿಂದ ಪಾದಗಳು ಕಾಣುತ್ತಿದ್ದವು. ಪಾದಗಳನ್ನು ಓದಲು ಅವಳು ಕಲಿತಳು. ಬೆರಳ ತುದಿಯ ಮೇಲೆ ಕೂತವನು ಗಟ್ಟಿಯಾಗಿದ್ದಾನೆ. ಪಾದ ಹೊರಮಗ್ಗುಲಿಗೆ ಬಿದ್ದುಕೊಂಡಿದ್ದರೆ ನಾಣ್ಯ ಕೈಗೆ ಬರಬೇಕು.

ಆರೋಗ್ಯ ಕೇಂದ್ರದ ಸಿಸ್ಟರ್ ಬಂದದ್ದು ಐದನೆಯ ವರ್ಷ. ಸೂಜಿಯವರು ಎಲ್ಲೆಲ್ಲಿ ಸೇರುತ್ತಾರೆ ಎಂದು ಹುಡುಕಿಕೊಂಡು, ಹೊಸ ಸೂಜಿಗಳ ಪೊಟ್ಟಣ, ಬಳಸಿದ್ದನ್ನು ಹಾಕಲು ಹಳದಿ ಡಬ್ಬಿ ಹಿಡಿದುಕೊಂಡು ಬಂದ ಸಣ್ಣ ಮೈಯ ಹೆಂಗಸು. ಅವಳು ಮೂಗಿಗೆ ಹೊಡೆಯುವ ಒಂದು ಸ್ಪ್ರೇ ಕೊಟ್ಟಳು, ಬಾಯಿಯ ಮೇಲಿಟ್ಟು ಊದಲು ಒಂದು ಪ್ಲಾಸ್ಟಿಕ್ ಮಾಸ್ಕ್ ಕೊಟ್ಟಳು. ನಶೆಯ ಪುಡಿ ಚುಚ್ಚಿಕೊಂಡು ಉಸಿರು ನಿಂತವನನ್ನು ಈ ಸ್ಪ್ರೇ ಎಬ್ಬಿಸುತ್ತದೆ ಎಂದು ತೋರಿಸಿಕೊಟ್ಟಳು. ಬರೀ ಪುಡಿಯಿಂದಲೂ ಜನ ಸಾಯುತ್ತಾರೆ, ಆದರೆ ಒಂದರ ಜೊತೆ ಇನ್ನೊಂದು ಸೇರಿದಾಗ ಸಾಯುವವರು ಬಹಳ ಎಂದಳು. ಅತ್ತೆಗೆ ಅದು ತಲೆಗೆ ಹತ್ತಲಿಲ್ಲ. ಒಂದು ಸೇರು ಅನ್ನದ ಮೇಲೆ ಇನ್ನೊಂದು ತುತ್ತು ಹೆಚ್ಚೇ ಎಂದು ವಾದಿಸಿದಳು. ಸಿಸ್ಟರ್ ಮೇಜಿನ ಮೇಲೆ ಕೈಯಿಟ್ಟು ಕತೆ ಹೇಳುವವರ ಹಾಗೆ ಹೇಳಿದಳು:

"ತಲೆಯೊಳಗೆ ಉಸಿರು ನೋಡ್ಕೊಳ್ಳೋ ಒಬ್ಬ ಕಾವಲಿನವನು ಇದಾನೆ ಅಂದ್ಕೊಳ್ಳಿ ಅತ್ತೆ. ಪುಡಿ ಅವನಿಗೆ ಜೋಂಪು ಹತ್ತಿಸುತ್ತೆ. ನಿದ್ದೆ ಮಾತ್ರೆ ಅವನಿಗೆ ಹೊದಿಕೆ ಹೊದಿಸುತ್ತೆ. ಮೇಲೆ ಕುಡಿತ ಬಂದು ದೀಪ ಆರಿಸುತ್ತೆ. ನಿಮ್ಮ ಕೈಯಲ್ಲಿರೋ ಸ್ಪ್ರೇ ಜೋಂಪನ್ನ ಮಾತ್ರ ಬಿಡಿಸೋದು. ಹೊದಿಕೆ, ಕತ್ತಲೆ ಹಾಗೇ ಇರುತ್ತೆ. ಆಗ ಅವನ ಕೆಲಸ ನೀವು ಮಾಡ್ಬೇಕು."

ಇನ್ನೂ ಕೆಲವರು ಮೈ ಚುರುಕಾಗುವ ಮದ್ದನ್ನು ಪುಡಿಯ ಜೊತೆ ಬೆರೆಸಿಕೊಳ್ಳುತ್ತಾರೆ, ಒಂದು ಏಳಿಸುತ್ತೆ ಒಂದು ಮಲಗಿಸುತ್ತೆ, ಸರಿಹೋಗುತ್ತೆ ಅಂದುಕೊಂಡು. ಏಳಿಸುವುದು ಮೊದಲು ಇಳಿದುಹೋಗುತ್ತದೆ, ಮಲಗಿಸುವುದು ಉಳಿಯುತ್ತದೆ ಎಂದೂ ಸಿಸ್ಟರ್ ಹೇಳಿದಳು. ಹಾಗೆಯೇ ಸ್ಪ್ರೇಯ ಬಲ ಒಂದು ಗಂಟೆಯೊಳಗೇ ಸೋರಿಹೋಗಬಹುದು. ಎದ್ದವನು ಮತ್ತೆ ಮುಳುಗಬಹುದು. ಅದಕ್ಕೆ ಆಂಬುಲೆನ್ಸ್ ಬಂದು ಒಯ್ಯುವ ತನಕ ಬಿಡಬಾರದು. ಅತ್ತೆ ಎಲ್ಲವನ್ನೂ ಎರಡು ಸಲ ಹೇಳಿಸಿ ಕೇಳಿದಳು.

ಆ ದಿನದಿಂದ ಅವಳ ಮೇಜಿನ ಬಳಿ ಒಂದು ಹೊಸ ಪ್ರಶ್ನೆ ಹುಟ್ಟಿತು. ಸೂಜಿಯವರು ಒಳಗೆ ಹೋಗುವ ಮುಂಚೆ ಅವಳು ಮೆಲ್ಲಗೆ ಕೇಳುತ್ತಿದ್ದಳು: "ಒಂಟಿಯೋ, ಜೋಡಿಯೋ?" ಒಂಟಿ ಎಂದರೆ ಪುಡಿ ಮಾತ್ರ. ಜೋಡಿ ಎಂದರೆ ಮಾತ್ರೆಯೋ ಕುಡಿತವೋ ಈಗಾಗಲೇ ಹೊಟ್ಟೆ ಸೇರಿದೆ ಎಂದು. ಜೋಡಿ ಅಂದವರನ್ನು ಅವಳು ಬೈಯುತ್ತಿರಲಿಲ್ಲ. ಮೇಜಿನ ಪಕ್ಕದ ಬೆಂಚು ತೋರಿಸಿ, ಸ್ವಲ್ಪ ಹೊತ್ತು ಕೂರು, ಟೀ ಕುಡಿ, ಇವತ್ತು ಬೇಡ ಅನ್ನುತ್ತಿದ್ದಳು. ಕೂರುವವರು ಕೂರುತ್ತಿದ್ದರು. ಕೂರದೆ ಒಳಗೆ ಹೋದವರ ಬಾಗಿಲಿಗೆ ಮುಖ ಮಾಡಿ ಅವಳೇ ಕೂರುತ್ತಿದ್ದಳು. ಮೊದಮೊದಲು ಅವರು ಸುಳ್ಳು ಹೇಳಿದರು. ಬರಬರುತ್ತಾ, ಇವಳು ಪೊಲೀಸರನ್ನು ಕರೆಯುವುದಿಲ್ಲ, ಬುದ್ಧಿವಾದವನ್ನೂ ಹೇಳುವುದಿಲ್ಲ ಎಂದು ತಿಳಿದ ಮೇಲೆ ನಿಜ ಹೇಳತೊಡಗಿದರು. ನಾಲ್ಕು ವರ್ಷದಲ್ಲಿ ಅವಳು ಹದಿಮೂರು ಜನರನ್ನು ಎಬ್ಬಿಸಿದಳು. ಗಂಡನ ಮುಂದೆ ಜಂಬ ಕೊಚ್ಚಿಕೊಂಡಳು: "ಹೆಂಡ್ತಿಗೆ ಸುಳ್ಳು, ಪೊಲೀಸರಿಗೆ ಸುಳ್ಳು. ನನಗೊಬ್ಬಳಿಗೆ ನಿಜ ಹೇಳ್ತಾರೆ."

ಗಂಡ ಸೂಜಿಗೆ ದಾರ ಪೋಣಿಸುತ್ತಾ, ದೃಷ್ಟಿ ಆದೀತು, ಬಾಯಿ ಮುಚ್ಚಿಕೋ ಅಂದ.

ಹಾಗೆ ನಿಜ ಹೇಳುವವರಲ್ಲಿ ಒಬ್ಬ ಬಡಗಿ. ಮೂವತ್ತು ದಾಟಿದವನು, ಕಿಟಕಿ ಚೌಕಟ್ಟಿನ ಕೆಲಸದಲ್ಲಿ ಎತ್ತಿದ ಕೈ. ಉಳಿ, ಕೀಸುಳಿ ತುಂಬಿದ ಚೀಲವನ್ನು ಅತ್ತೆಯ ಮೇಜಿನ ಕೆಳಗಿಟ್ಟು ಒಳಗೆ ಹೋಗುವವನು. ಇನ್ನೆಲ್ಲೂ ಅದನ್ನು ಕೈಬಿಡುತ್ತಿರಲಿಲ್ಲ. ಅವಳ ಮೇಜು ಅಲುಗುತ್ತದೆಂದು ಕಾಲಿಗೆ ಮರದ ಚಕ್ಕೆ ಕೊಟ್ಟಿದ್ದವನೂ ಅವನೇ. ಇಪ್ಪತ್ತು ದಿನ ಅವನ ಸುಳಿವಿರಲಿಲ್ಲ. ಸತ್ತನೋ ಎಂದು ಅವಳು ಒಳಗೊಳಗೇ ಅಂದುಕೊಂಡಿದ್ದಳು. ಇಪ್ಪತ್ತೊಂದನೆಯ ದಿನ, ಬೆಳಗಿನ ಹನ್ನೊಂದರ ಹೊತ್ತಿಗೆ, ಕೆನ್ನೆ ತುಂಬಿಕೊಂಡು, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದು ನಿಂತ. ಅಕ್ಕನ ಮನೆಯಲ್ಲಿದ್ದೆ, ಏನೂ ಮುಟ್ಟಿರಲಿಲ್ಲ, ಇವತ್ತೊಂದು ದಿನ ಅಂದ. ಮುಖ ನೋಡದೆ ಅಂದ.

ಇಷ್ಟು ದಿನ ಬಿಟ್ಟವನ ಮೈಗೆ ಹಳೆಯ ಅಳತೆ ತಡೆಯುವುದಿಲ್ಲ ಎಂದು ಸಿಸ್ಟರ್ ಹೇಳಿದ್ದು ಅತ್ತೆಗೆ ನೆನಪಿತ್ತು. ಅದನ್ನೇ ಹೇಳಿದಳು. ಅವನು ತಲೆಯಾಡಿಸಿದ. ಆಮೇಲೆ ಅವಳು ಕೇಳಿದಳು: "ಒಂಟಿಯೋ, ಜೋಡಿಯೋ?"

"ಒಂಟಿ ಅತ್ತೆ. ನಿಮ್ಮ ಹತ್ರ ಸುಳ್ಳಾ?"

ಮೂರನೇ ಬಾಗಿಲು ಮುಚ್ಚಿತು. ಮೊದಲ ಸಲ ತಟ್ಟಿದಾಗ, ನನ್ನ ಬಸ್ಸು ನನ್ನ ಬಿಟ್ಟು ಹೋಗಿ ಎಷ್ಟೋ ದಿನ ಆಯ್ತು ಎಂದು ಒಳಗಿನಿಂದ ನಗೆಯ ದನಿ ಬಂತು. ಎರಡನೆಯ ಸಲಕ್ಕೆ ದನಿ ಬರಲಿಲ್ಲ. ಕೆಳಗೆ ಬಗ್ಗಿ ನೋಡಿದರೆ ಬಲಗಾಲಿನ ಚಪ್ಪಲಿ ಕಳಚಿ, ಪಾದ ಹೊರಮಗ್ಗುಲಿಗೆ ಬಿದ್ದಿತ್ತು.

ಅವಳು ನಾಣ್ಯ ತಿರುಗಿಸಿದಳು. ತುಟಿ ನೇರಳೆ ಬಣ್ಣಕ್ಕೆ ತಿರುಗಿತ್ತು. ಮೀಸೆ ಡ್ರೈವರನನ್ನು ಕೂಗಿ, ಇಬ್ಬರೂ ಸೇರಿ ಅವನನ್ನು ತೊಳೆದ ನೆಲದ ಮೇಲೆ ಎಳೆದು ಮಲಗಿಸಿದರು. ಡ್ರೈವರ್ ಆಂಬುಲೆನ್ಸಿಗೆ ಫೋನ್ ಮಾಡಿದ. ಅತ್ತೆ ಮೂಗಿಗೆ ಸ್ಪ್ರೇ ಹೊಡೆದು, ಮಾಸ್ಕ್ ಇಟ್ಟು, ಗದ್ದ ಎತ್ತಿ ಊದಿದಳು. ನಿಮಿಷಗಳು ಕಳೆದವು. ಬಡಗಿ ಒಮ್ಮೆ ದೊಡ್ಡದಾಗಿ ಉಸಿರೆಳೆದು ಕಣ್ಣು ಬಿಟ್ಟ. ಬಿಟ್ಟವನೇ, ಎಲ್ಲರಂತೆ, ಸಿಟ್ಟು ಮಾಡಿಕೊಂಡ. ಯಾಕೆ ಎಬ್ಬಿಸಿದಿರಿ, ನಾನು ಸುಮ್ಮನೆ ಕೂತಿದ್ದೆ ಎಂದ. ಸುತ್ತ ನಿಂತಿದ್ದವರು ನಕ್ಕರು. ಹದಿನಾಲ್ಕನೆಯವನು, ಅತ್ತೆ ಮತ್ತೆ ಗೆದ್ದರು ಎಂದು ಯಾರೋ ಅಂದರು. ಒಬ್ಬ ಕಂಡಕ್ಟರ್ ಸೀಟಿ ಊದಿದ.

ಅವಳಿಗೆ ಆ ಮಾತು ಹಿತವಾಗಿ ಹತ್ತಿತು. ಇದನ್ನು ಅವಳೇ ಆಮೇಲೆ ಒಪ್ಪಿಕೊಂಡಳು.

ಬಡಗಿ ಎದ್ದು ಕೂತು ಅವಳ ಕೈ ಹಿಡಿದುಕೊಂಡ. ಆಸ್ಪತ್ರೆಗೆ ಹೋದರೆ ಅಕ್ಕನಿಗೆ ಗೊತ್ತಾಗುತ್ತದೆ. ಇಪ್ಪತ್ತು ದಿನ ಅವಳು ಒಂದು ಕ್ಷಣ ಕಣ್ಣು ಮುಚ್ಚದೆ ಕಾದಿದ್ದಾಳೆ. ಬೇಡ ಅತ್ತೆ, ನಾನು ಸರಿಯಾಗಿದ್ದೀನಿ, ಇಲ್ಲೇ ನಿಮ್ಮ ಕಣ್ಣೆದುರಿಗೆ ಬೆಂಚಿನ ಮೇಲೆ ಕೂತಿರ್ತೀನಿ ಎಂದು ಗೋಗರೆದ. ಒಂಟಿ ತಾನೇ, ಎದ್ದ ತಾನೇ ಎಂದು ಮೀಸೆ ಡ್ರೈವರನೂ ದನಿಗೂಡಿಸಿದ. ಅತ್ತೆ ಫೋನ್ ಇಸಿದುಕೊಂಡು, ಬರುವುದು ಬೇಡ, ಎದ್ದಿದ್ದಾನೆ ಎಂದು ಆಂಬುಲೆನ್ಸಿನವರಿಗೆ ಹೇಳಿಬಿಟ್ಟಳು. ನಾಲ್ಕು ವರ್ಷದಲ್ಲಿ ಮೊದಲ ಸಲ.

ಬಡಗಿ ಬೆಂಚಿನ ಮೇಲೆ ಕೂತ. ಟೀ ಕುಡಿದ. ಆಮೇಲೆ ಒರಗಿದ. ಆಮೇಲೆ ಮಲಗಿದ. ಪಕ್ಕದಲ್ಲಿ ಮೂಟೆ ಇಟ್ಟುಕೊಂಡು ಕೂತಿದ್ದ ಮುದುಕನೊಬ್ಬ, ಪಾಪ, ದಣಿದಿದ್ದಾನೆ, ನಿದ್ದೆ ಮಾಡಲಿ ಎಂದು ಸ್ವಲ್ಪ ಜಾಗ ಬಿಟ್ಟುಕೊಟ್ಟ. ಅತ್ತೆ ಹೆಂಗಸರ ಕಡೆಯ ನೆಲ ಒರೆಸತೊಡಗಿದಳು. ಅರ್ಧ ಗಂಟೆಯ ಮೇಲಾಗಿತ್ತು. ಗೊರಕೆ ಕೇಳಿಸುತ್ತಿತ್ತು. ಗೊರಕೆ ಕೇಳಿಸುತ್ತಿದೆ, ಅಂದರೆ ಉಸಿರಿದೆ ಎಂದು ಬೇರೆಯವರಾಗಿದ್ದರೆ ನೆಮ್ಮದಿಯಾಗಿರುತ್ತಿದ್ದರು. ಅವಳ ಕೈ ನಿಧಾನವಾಯಿತು. ಈ ಗೋಡೆಯಿಂದ ಆ ಗೋಡೆಗೆ ಒರೆಸುವಷ್ಟರಲ್ಲಿ ಮನುಷ್ಯ ಮೂರು ಸಲ ಉಸಿರಾಡುತ್ತಾನೆ. ಅವಳು ಆ ಗೋಡೆ ಮುಟ್ಟಿದಳು, ಒಂದು ಗೊರಕೆ. ಈ ಗೋಡೆಗೆ ಬಂದಳು, ಇಲ್ಲ. ಮತ್ತೆ ಆ ಗೋಡೆ. ಗಂಟಲಲ್ಲಿ ನೀರು ಗುಳುಗುಳಿಸಿದ ಹಾಗೆ ಒಂದು ಸದ್ದು.

ಒರೆಸುವ ಕೋಲು ಅಲ್ಲೇ ಬಿತ್ತು.

ಹೆಗಲು ಹಿಡಿದು ಅಲುಗಿಸಿದಳು. ಎದೆಯ ಮೂಳೆಯ ಮೇಲೆ ಗೆಣ್ಣಿನಿಂದ ತಿಕ್ಕಿದಳು. ಕಣ್ಣು ತೆರೆಯಲಿಲ್ಲ. ಮೀಸೆ ಡ್ರೈವರನಿಗೆ ಮತ್ತೆ ಆಂಬುಲೆನ್ಸಿಗೆ ಫೋನ್ ಮಾಡಲು ಹೇಳಿ, ಎರಡನೆಯ ಸ್ಪ್ರೇ ಹೊಡೆದಳು. ಕಾದಳು. ತುಟಿಗೆ ಬಣ್ಣ ಒಂದಿಷ್ಟು ಬಂದಂತಾಯಿತು, ಎಚ್ಚರ ಬರಲಿಲ್ಲ. ಇವನಿಗಿಂತ ಮುಂಚಿನ ಹದಿಮೂರು ಜನರಲ್ಲಿ ಯಾರೂ ಹೀಗೆ ಮಾಡಿರಲಿಲ್ಲ. ಅವಳ ಕೈ ಅವನ ಅಂಗಿಯ ಜೇಬಿಗೆ ಹೋಯಿತು. ಬಾಚಣಿಗೆ, ಪೆನ್ಸಿಲ್ಲಿನ ತುಂಡು, ಮತ್ತೆ ಒಂದು ಮಾತ್ರೆಯ ಪಟ್ಟಿ. ಹತ್ತರಲ್ಲಿ ಏಳು ಗುಳಿ ಖಾಲಿ.

ಹೊದಿಕೆ ಅದು. ಸಿಸ್ಟರ್ ಹೇಳಿದ್ದ ಹೊದಿಕೆ.

ಅವನನ್ನು ಬೆಂಚಿನಿಂದ ನೆಲಕ್ಕಿಳಿಸಿಕೊಂಡು ಅವಳು ಮಾಸ್ಕ್ ಇಟ್ಟು ಊದಲು ಶುರು ಮಾಡಿದಳು. ಒಂದು ಊದು, ಮನಸ್ಸಿನಲ್ಲೇ ಐದು ಎಣಿಕೆ, ಮತ್ತೊಂದು ಊದು. ಮೀಸೆ ಡ್ರೈವರ್ ಬಡಗಿಯ ಫೋನಿನಿಂದ ಅವನ ಅಕ್ಕನಿಗೆ ಕರೆ ಮಾಡಿ, ಫೋನನ್ನು ಅತ್ತೆಯ ಕಿವಿಗೆ ಹಿಡಿದ. ಎರಡು ಊದುಗಳ ನಡುವಿನ ಐದು ಎಣಿಕೆಯಲ್ಲಿ ಅತ್ತೆ ಮಾತಾಡಿದಳು.

"ನಿಮ್ಮ ತಮ್ಮ ನನ್ನ ಹತ್ರ ಇದಾನೆ. ಉಸಿರು ಸಾಲ್ತಾ ಇಲ್ಲ." ಊದಿದಳು. "ಬೆಳಗಿನಿಂದ ಅವನ ಬಾಯಿಗೆ ಏನೇನು ಹೋಯ್ತು? ಎಲ್ಲ ಹೇಳಿ." ಊದಿದಳು.

ಆ ಕಡೆಯ ದನಿ ಮೊದಲು ಅತ್ತಿತು. ಆಮೇಲೆ, ಅವಸರವಾಗಿ, ತಮ್ಮನ ಪರವಾಗಿ ವಾದಿಸುವವರ ಹಾಗೆ ಹೇಳಿತು: "ನಶೆ ಏನೂ ಇಲ್ಲಮ್ಮ. ಇಪ್ಪತ್ತು ದಿನದಿಂದ ಮುಟ್ಟಿಲ್ಲ. ನಿದ್ದೆ ಬರಲ್ಲ, ಮೈ ನಡುಗುತ್ತೆ ಅಂತಿದ್ದ, ಐದು ದಿನದ ಹಿಂದೆ ಕ್ಲಿನಿಕ್ಕಲ್ಲಿ ಮಾತ್ರೆ ಕೊಟ್ರು. ರಾತ್ರಿ ಒಂದು. ಬೆಳಿಗ್ಗೆ ತಡೆಯೋಕಾಗಲ್ಲ ಅಂದ, ಎರಡು ಕೊಟ್ಟೆ. ನಾನೇ ಕೈಯಾರೆ ಕೊಟ್ಟೆ. ಕೆಮ್ಮಿನ ಔಷಧಿ ಒಂದು ಮುಚ್ಚಳ. ಅದು ಔಷಧಿ ಅಲ್ವಾ?"

ಅತ್ತೆ ಊದಿದಳು. ಅವನು ಸುಳ್ಳು ಹೇಳಿರಲಿಲ್ಲ. ಡಾಕ್ಟರು ಬರೆದುಕೊಟ್ಟದ್ದು, ಅಕ್ಕ ಅಂಗೈಯಲ್ಲಿಟ್ಟು ಕೊಟ್ಟದ್ದು, ಅವನ ಲೆಕ್ಕದಲ್ಲಿ ಜೋಡಿಯೇ ಅಲ್ಲ. ಊಟದ ಜೊತೆ ಕುಡಿದ ನೀರನ್ನು ಯಾರು ಎಣಿಸುತ್ತಾರೆ? ನಾಲ್ಕು ವರ್ಷದಿಂದ ಅವಳು ಎಲ್ಲರನ್ನೂ ಕೇಳುತ್ತಿದ್ದ ಪ್ರಶ್ನೆಯಲ್ಲೇ ತೂತಿತ್ತು. ಇದೆಲ್ಲ ಅವಳಿಗೆ ಆಗ ಮಾತಾಗಿ ಹೊಳೆಯಲಿಲ್ಲ. ಬೆವರಿನ ಹಾಗೆ ಬೆನ್ನಿನ ಮೇಲೆ ಇಳಿಯಿತು, ಅಷ್ಟೆ. ನಾಲ್ಕು, ಐದು. ಊದು.

ಹದಿನೇಳು ನಿಮಿಷ. ಆ ಹದಿನೇಳು ನಿಮಿಷ ಬಸ್ಸುಗಳು ಹೊರಟವು, ಬಂದವು. ಹೆಂಗಸರ ಕಡೆ ಯಾರೋ ನಲ್ಲಿ ತಿರುಗಿಸಿ ಹಾಗೇ ಬಿಟ್ಟು ಹೋದರು. ಮಂಡಿಯ ಕೆಳಗಿನ ನೆಲ ಒದ್ದೆಯಾಗಿ ಅವಳ ಸೀರೆ ತೊಡೆಯವರೆಗೂ ನೆನೆಯಿತು. ಮೂಟೆಯ ಮುದುಕ ತನ್ನ ಟವೆಲ್ ಮಡಿಸಿ ಅವಳ ಮಂಡಿಯಡಿ ತೂರಿಸಿದ. ಮೀಸೆ ಡ್ರೈವರ್, ತಲೆ ತಿರುಗಿದರೆ ಹೇಳಿ, ನಾನು ಊದ್ತೀನಿ ಎಂದು ನಾಲ್ಕು ಸಲ ಹೇಳಿದ. ಅವನ ಬಸ್ಸು ಅರ್ಧ ಗಂಟೆ ತಡವಾಗಿತ್ತು, ಪ್ರಯಾಣಿಕರು ಕೆಳಗಿಳಿದು ಬಂದು ಸುತ್ತ ನಿಂತಿದ್ದರು, ಒಬ್ಬರೂ ಗೊಣಗಲಿಲ್ಲ. ಪ್ರತಿ ಊದಿಗೂ ಆ ಇಸ್ತ್ರಿ ಅಂಗಿಯ ಎದೆ ಎದ್ದು, ಇಳಿಯುತ್ತಿತ್ತು. ಐವತ್ತೆರಡು ವರ್ಷದ ಹೆಂಗಸಿನ ಉಸಿರು ಅದು. ಅವಳು ಅದನ್ನು ಅವನಿಗೆ ಒಂದೊಂದೇ ಹಿಡಿಯಷ್ಟು ಹಾಕುತ್ತಾ ಹೋದಳು.

ಆಂಬುಲೆನ್ಸ್ ಬಂದಾಗ ಅತ್ತೆಯೂ ಅದರಲ್ಲೇ ಹತ್ತಿಕೊಂಡಳು. ಆಸ್ಪತ್ರೆಯಲ್ಲಿ ಅವನನ್ನು ಉಸಿರಾಟದ ಯಂತ್ರಕ್ಕೆ ಹಾಕಿದರು. ಅವನ ಅಕ್ಕ ಚಪ್ಪಲಿ ಇಲ್ಲದೆ ಓಡಿ ಬಂದಿದ್ದಳು, ಮಾತಾಡುವ ಸ್ಥಿತಿಯಲ್ಲಿರಲಿಲ್ಲ. ಕಿರಿಯ ಡಾಕ್ಟರೊಬ್ಬ ಹಾಳೆ ಹಿಡಿದುಕೊಂಡು ಹೊರಗೆ ಬಂದು, ಯಾರಿಗೆ ಗೊತ್ತು, ಏನು ತಗೊಂಡಿದ್ದ ಎಂದು ಕೇಳಿದ. ಅತ್ತೆ ಒದ್ದೆ ಸೀರೆಯಲ್ಲೇ ಎದ್ದು ನಿಂತಳು. ರಾತ್ರಿ ಒಂದು ಮಾತ್ರೆ, ಬೆಳಿಗ್ಗೆ ಎರಡು, ಒಂದು ಮುಚ್ಚಳ ಕೆಮ್ಮಿನ ಔಷಧಿ, ಹನ್ನೊಂದರ ಹೊತ್ತಿಗೆ ಪುಡಿ, ಇಪ್ಪತ್ತು ದಿನ ಬಿಟ್ಟ ಮೇಲೆ. ಮೊದಲ ಸ್ಪ್ರೇ ಯಾವಾಗ, ಎರಡನೆಯದು ಯಾವಾಗ, ಎಷ್ಟು ನಿಮಿಷ ಊದಿದೆ. ಪಾಠ ಒಪ್ಪಿಸುವವರ ಹಾಗೆ ಹೇಳಿದಳು. ಮಾತ್ರೆಯ ಪಟ್ಟಿಯನ್ನು ಸೆರಗಿನ ಗಂಟಿನಿಂದ ಬಿಚ್ಚಿ ಕೊಟ್ಟಳು. ಡಾಕ್ಟರ್ ಬರೆಯುತ್ತಾ ಬರೆಯುತ್ತಾ ಒಮ್ಮೆ ತಲೆಯೆತ್ತಿ ನೋಡಿದ.

ಅಲ್ಲಿಗೆ ನಿಲ್ಲಿಸಬಹುದಿತ್ತು. ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟಾಗಿತ್ತು.

"ಇನ್ನೊಂದಿದೆ," ಅಂದಳು. "ಮೊದಲ ಸಲ ಎದ್ದಾಗ ಆಂಬುಲೆನ್ಸ್ ಬರ್ತಾ ಇತ್ತು. ನಾನೇ ಬೇಡ ಅಂದೆ. ಅದನ್ನೂ ಬರ್ಕೊಳ್ಳಿ."

ಡಾಕ್ಟರ್ ಅದನ್ನೂ ಬರೆದುಕೊಂಡ. ಆಮೇಲೆ ಹಾಳೆಯ ಕೊನೆಯ ಸಾಲಿಗೆ ಬಂದು ಕೇಳಿದ: "ನೀವು ಇವರಿಗೆ ಏನಾಗ್ಬೇಕಮ್ಮಾ?"

"ಏನೂ ಆಗ್ಬೇಕಿಲ್ಲ. ಬಸ್ ನಿಲ್ದಾಣದ ಶೌಚಾಲಯ ನೋಡ್ಕೊಳ್ಳೋಳು."

ಡಾಕ್ಟರ್ ಒಳಗಿನಿಂದ ಒಂದು ಕುರ್ಚಿ ತಂದು ಹಾಕಿದ. ಕೂತ್ಕೊಳ್ಳಿ, ಮೊದಲಿನಿಂದ ನಿಧಾನವಾಗಿ ಇನ್ನೊಂದು ಸಲ ಹೇಳಿ ಅಂದ. ಇನ್ನಿಬ್ಬರು ಡಾಕ್ಟರುಗಳನ್ನೂ ಕರೆದ. ಕೆಲಸಕ್ಕೆ ಸೇರಿದ ಮೇಲೆ ಯಾರಾದರೂ ಅವಳಿಗಾಗಿ ಕುರ್ಚಿ ತಂದು ಹಾಕಿದ್ದು ಅದೇ ಮೊದಲು. ಕೂತರೆ ಕುರ್ಚಿ ಒದ್ದೆಯಾಗುತ್ತದೆಂದು ಅವಳು ಸ್ವಲ್ಪ ಹಿಂಜರಿದಳು. ಆಮೇಲೆ ಕೂತಳು, ಬೆನ್ನು ನೆಟ್ಟಗೆ ಮಾಡಿಕೊಂಡು.

ಮಾರನೆಯ ದಿನ ಮಧ್ಯಾಹ್ನ ಬಡಗಿಗೆ ಎಚ್ಚರವಾಯಿತು. ಯಂತ್ರ ತೆಗೆದರು. ಆ ಹದಿನೇಳು ನಿಮಿಷ ತಪ್ಪಿದ್ದರೆ ಎಚ್ಚರವಾದರೂ ಇವನು ಇವನಾಗಿ ಉಳಿಯುತ್ತಿರಲಿಲ್ಲ ಎಂದು ಹಿರಿಯ ಡಾಕ್ಟರ್ ಅಕ್ಕನಿಗೆ ಹೇಳಿದರಂತೆ.

ಅತ್ತೆ ತನ್ನ ಪ್ರಶ್ನೆಯನ್ನು ಎಸೆದುಬಿಟ್ಟಳು. ಒಂಟಿ ಜೋಡಿ ಎಂದು ಈಗ ಕೇಳುವುದಿಲ್ಲ. ಬೆಳಗಿನಿಂದ ಬಾಯಿಗೆ ಏನೇನು ಹೋಯಿತು, ಡಾಕ್ಟರು ಕೊಟ್ಟದ್ದು, ಅವ್ವ ಕೊಟ್ಟದ್ದು, ದೇವರು ಕೊಟ್ಟದ್ದು ಎಲ್ಲ ಹೇಳು ಅನ್ನುತ್ತಾಳೆ. ಸಿಸ್ಟರ್ ಅದನ್ನು ಕೇಳಿ ತನ್ನ ಪುಸ್ತಕ ತೆಗೆದು ಬರೆದುಕೊಂಡಳು. ಆರೋಗ್ಯ ಕೇಂದ್ರದಲ್ಲೂ ಈಗ ಹಾಗೆಯೇ ಕೇಳುತ್ತಾರೆ. ಈ ವಿಷಯವನ್ನು ಅತ್ತೆ ಯಾರಿಗೂ ಹೇಳಿಲ್ಲ, ನಲ್ಲಿಯಲ್ಲಿ ಮುಖ ತೊಳೆಯಲು ಬಂದವರಿಗೆ ಬಿಟ್ಟು. ಮೀಸೆ ಡ್ರೈವರ್, ಬೆಳಗಿನಿಂದ ನನ್ನ ಬಾಯಿಗೆ ಹೆಂಡತಿಯ ಬೈಗುಳ ಬಿಟ್ಟು ಏನೂ ಹೋಗಿಲ್ಲ ಎಂದು ದಿನವೂ ವರದಿ ಒಪ್ಪಿಸುತ್ತಾನೆ. ಬೈಗುಳ ಕಿವಿಗೆ ಹೋಗೋದು, ಅದನ್ನೂ ಬಾಯಿಗೆ ಹಾಕ್ಕೋತೀಯಾ ಎಂದು ಅವಳು ಅಟ್ಟುತ್ತಾಳೆ.

ಹದಿನಾರು ದಿನದ ಮೇಲೆ, ಹಗಲು ಹನ್ನೆರಡಕ್ಕೆ, ಬಡಗಿ ಅಕ್ಕನ ಜೊತೆ ಬಂದ. ಆರೋಗ್ಯ ಕೇಂದ್ರದಲ್ಲಿ ದಿನವೂ ಸಿಸ್ಟರ್ ಎದುರಿಗೇ ಪುಡಿಯ ಹಂಬಲ ತಡೆಯಲು ನಾಲಿಗೆಯ ಕೆಳಗೆ ಇಟ್ಟುಕೊಳ್ಳುವ ಮಾತ್ರೆ ಶುರು ಮಾಡಿದ್ದ. ಎಷ್ಟು ದಿನ ನಡೆಯುತ್ತದೋ, ಮಾತು ಕೊಡುವ ಧೈರ್ಯ ಅವನಿಗೂ ಇರಲಿಲ್ಲ, ಕೇಳುವ ಧೈರ್ಯ ಅಕ್ಕನಿಗೂ ಇರಲಿಲ್ಲ. ಅಕ್ಕ ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುವ, ಸೆರಗಿಗೆ ಪಿನ್ನು ಹಾಕಿದ ಅಚ್ಚುಕಟ್ಟಿನ ಹೆಂಗಸು. ಶೌಚಾಲಯದ ಬಾಗಿಲಲ್ಲಿ ಮೂಗಿಗೆ ಸೆರಗು ಹಿಡಿಯಬೇಕೋ ಬೇಡವೋ ಎಂದು ನಿಂತಿದ್ದಳು. ಹಿಡಿಯಲಿಲ್ಲ.

ಆ ಎರಡು ಮಾತ್ರೆ ನಾನು ಕೊಡದೇ ಇದ್ದಿದ್ದರೆ ಎಂದು ಅವಳು ಶುರು ಮಾಡಿದಳು. ಅತ್ತೆ ಅವಳನ್ನು ಬೆಂಚಿನ ಮೇಲೆ ಕೂರಿಸಿ ಕಾವಲಿನವನ ಕತೆ ಹೇಳಿದಳು, ಜೋಂಪು, ಹೊದಿಕೆ, ದೀಪ ಎಲ್ಲ. ನೀವು ಕೊಟ್ಟದ್ದು ಔಷಧಿಯೇ, ಅವನು ಮೇಲೆ ಏನು ಹಾಕಿಕೊಳ್ಳುತ್ತಾನೆಂದು ನಿಮಗೆ ಗೊತ್ತಿರಲಿಲ್ಲ, ಕೆಳಗೆ ಏನಿದೆಯೆಂದು ನನಗೆ ಗೊತ್ತಿರಲಿಲ್ಲ ಎಂದಳು. ಆಂಬುಲೆನ್ಸ್ ವಾಪಸ್ ಕಳಿಸಿದ್ದನ್ನೂ ಹೇಳಿದಳು. ಅಕ್ಕ ಬೈದರೂ ಕೇಳಿಸಿಕೊಳ್ಳಲು ಅತ್ತೆ ಸಿದ್ಧಳಾಗಿದ್ದಳು.

"ಆ ಉಸಿರು ಕೊಡೋದು ನನಗೂ ಹೇಳ್ಕೊಡಿ," ಅಂದಳು ಅಕ್ಕ. "ನೀವು ಇಲ್ಲಿರ್ತೀರಿ. ಮನೇಲಿ ನಾನಿರ್ತೀನಿ."

ಬಡಗಿಯನ್ನೇ ಬೆಂಚಿನ ಮೇಲೆ ಮಲಗಿಸಿದರು. ಸರಿಯಾಗಿ ಉಸಿರಾಡುತ್ತಿರುವವನಿಗೆ ಊದಬಾರದು, ಮಾಸ್ಕ್ ಹಿಡಿಯುವುದನ್ನು, ಗದ್ದ ಎತ್ತುವುದನ್ನು ಮಾತ್ರ ಕಲಿತುಕೋ, ಊದುವುದನ್ನು ಸಿಸ್ಟರ್ ಗೊಂಬೆಯ ಮೇಲೆ ಮಾಡಿಸುತ್ತಾಳೆ ಎಂದು ಅತ್ತೆ ಎಚ್ಚರಿಸಿದಳು. ಅಕ್ಕ ಮೊದಲ ಸಲ ಮಾಸ್ಕನ್ನು ತಲೆಕೆಳಗಾಗಿ ಹಿಡಿದಳು. ಎರಡನೆಯ ಸಲ ಗದ್ದ ಎತ್ತುವ ಬದಲು ತಲೆದಿಂಬು ಸರಿಮಾಡುವವಳ ಹಾಗೆ ಕೂದಲು ಸರಿಸಿದಳು. ಅವನಿಗೆ ಕಚಗುಳಿಯಾಗಿ ಹೊಟ್ಟೆ ಕುಲುಕಿತು. ನಲ್ಲಿಯ ಬಳಿ ಡ್ರೈವರುಗಳು ಮುಖಕ್ಕೆ ಸೋಪು ಹಚ್ಚಿಕೊಂಡೇ ನೋಡುತ್ತಿದ್ದರು.

"ನಗಬೇಡ," ಅಕ್ಕ ಗದರಿದಳು. "ಸತ್ತೋನ ಹಾಗೆ ಬಿದ್ಕೋ."

ಅಂದ ಮೇಲೆ ತಾನು ಏನಂದೆ ಎಂದು ಅವಳಿಗೆ ಕೇಳಿಸಿತು. ಮಾಸ್ಕ್ ಹಿಡಿದ ಕೈ ಹಾಗೆಯೇ ನಿಂತಿತು. ಬಡಗಿಯೂ ನಗುವುದನ್ನು ನಿಲ್ಲಿಸಿ, ಕಣ್ಣು ತೆರೆದು ಅಕ್ಕನ ಮುಖ ನೋಡಿದ. ಅವನ ಎದೆ ಯಾರ ಸಹಾಯವೂ ಇಲ್ಲದೆ ಏಳುತ್ತಿತ್ತು, ಇಳಿಯುತ್ತಿತ್ತು.

ಅತ್ತೆ ಅಕ್ಕನ ಎರಡು ಬೆರಳು ಹಿಡಿದು ಗದ್ದದ ಮೂಳೆಯ ಕೆಳಗೆ, ಇರಬೇಕಾದ ಜಾಗದಲ್ಲಿ ಇಟ್ಟಳು. "ಇಲ್ಲಿ. ಮೆಲ್ಲಗೆ ಎತ್ತು. ಹೆದರ್ಬೇಡ, ಗಟ್ಟಿ ಮೂಳೆ."

ಅಕ್ಕ ಎತ್ತಿದಳು.

"ಹಾಂ," ಅಂದಳು ಅತ್ತೆ. "ಈಗ ಸರಿಯಾಯ್ತು. ಇನ್ನೊಂದು ಸಲ."